ಅಮ್ಮ ಹಡಗು ಹತ್ತಿದ ಅಧ್ಯಾಯ

ನನ್ನ ತಮ್ಮ ತೋರ್ಗೈರ್ ಕಾದಂಬರಿಕಾರ. ಅವನ ಮೊದಲ ನಾಲ್ಕು ಕಾದಂಬರಿಗಳನ್ನು ನಾನೂ ನಮ್ಮೂರ ಗ್ರಂಥಪಾಲಕಿಯೂ ಬಿಟ್ಟರೆ ಬೇರೆ ಯಾರೂ ಮುಟ್ಟಲಿಲ್ಲ. ಐದನೆಯದರಲ್ಲಿ ಮಹಾರಾಯ ಮನೆಯವರನ್ನೇ ಹೆಸರು ಸಮೇತ ಎಳೆದು ತಂದ. ನಾರ್ವೆಯಲ್ಲಿ ಈಗ ಅದೇ ರೂಢಿ. ಪುಸ್ತಕಕ್ಕೆ ಬಹುಮಾನ ಬಂತು. ಬೆಟ್ಟಗಳ ನಡುವೆ ಕಡಲು ಒಳನುಗ್ಗಿದ ನಮ್ಮ ಫ್ಯೋರ್ಡಿನ ದಂಡೆಯ ಮನೆಮನೆಗೂ ಒಂದೊಂದು ಪ್ರತಿ ಬಂತು.

ಅದರಲ್ಲಿ ನಮ್ಮಮ್ಮ ಬೊರ್ಗ್‌ಹಿಲ್ಡ್, ನಾವು ಚಿಕ್ಕವರಿದ್ದಾಗ, ಉತ್ತರಕ್ಕೆ ಹೋಗುವ ಹಡಗಿನ ಅಡುಗೆಯವನ ಜೊತೆ ಹೊರಟುಹೋಗುತ್ತಾಳೆ, ವಾರ ಬಿಟ್ಟು ಮರಳುತ್ತಾಳೆ. ಅಪ್ಪ ತುಟಿಪಿಟಕ್ಕೆನ್ನದೆ ಮಕ್ಕಳಿಗೆ ಆಲೂಗಡ್ಡೆ ಬೇಯಿಸುತ್ತಾನೆ. ಓದಿ ಮೈ ಉರಿಯಿತು. ತೀರಿಹೋದ ಅಪ್ಪನ ಮಾನ ಕಾಯುವವರು ಯಾರು? ಆದರೆ ಆ ಆಲೂಗಡ್ಡೆ ನನಗೂ ನೆನಪಿದೆ. ಯಾವುದೋ ಒಂದು ವಾರ ಅದನ್ನೇ ತಿಂದಿದ್ದೆವು. ಆಗ ಅಮ್ಮ ಎಲ್ಲಿದ್ದಳು?

ಬೆರ್ಗೆನ್‌ನಲ್ಲಿರುವ ತಮ್ಮನಿಗೆ ಫೋನ್ ಮಾಡಿದೆ.

“ಇದು ನಿಜವೇನೋ?”

“ಕಾದಂಬರಿ ಕಣಕ್ಕಾ.”

“ಹಂಗಾದ್ರೆ ಸುಳ್ಳಾ?”

“ಹಂಗೂ ಹೇಳೋಕಾಗಲ್ಲ.”

ಇಂಥವನಿಗೆ ಬಹುಮಾನ ಕೊಟ್ಟವರಿಗಾದರೂ ಬುದ್ಧಿ ಬೇಡವೇ!

ಮೇ ತಿಂಗಳಲ್ಲಿ ಊರವರೆಲ್ಲ ಸೇರಿ ಸಭಾಭವನಕ್ಕೆ ಬಣ್ಣ ಬಳಿಯುವ ದಿನ ಬಂತು. ಕೂಲಿಯಿಲ್ಲದ ದುಡಿಮೆ, ತಪ್ಪಿಸಿಕೊಂಡರೆ ಕೆಟ್ಟ ಹೆಸರು ಅಂತ ಅಮ್ಮನನ್ನೂ ಕರೆದುಕೊಂಡು ಹೋದೆ. ನಮ್ಮಲ್ಲಿ ಯಾರ ಮನೆಯ ಮಾತನ್ನೂ ಎದುರಿಗೆ ಕೇಳುವುದಿಲ್ಲ. ಮಳೆ ಚಳಿ ಎಂದು ಸುತ್ತಿ ಬಳಸಿ ಬರುತ್ತಾರೆ. ಕಾಫಿಯ ಹೊತ್ತಿಗೆ ಪಕ್ಕದ ಮನೆಯ ಒಡ್‌ನಿ ವಾಫಲ್ ಮೇಲೆ ಕಂದು ಚೀಸು ಇಡುತ್ತ, “ಬೊರ್ಗ್‌ಹಿಲ್ಡ್, ಉತ್ತರದಲ್ಲಿ ಇನ್ನೂ ಹಿಮ ಇರುತ್ತಲ್ವಾ? ನಿಂಗೆ ಗೊತ್ತಿರ್ಬೇಕು” ಅಂದಳು.

ಎಲ್ಲರೂ ಅಮ್ಮನ ಕಡೆ ತಿರುಗಿದರು.

“ಇರುತ್ತೆ. ಆದ್ರೆ ಹಡಗಿನ ಅಡುಗೆಮನೆ ಬೆಚ್ಚಗಿರುತ್ತೆ ಕಣೇ,” ಅಂದಳು ಅಮ್ಮ.

ಗೊಳ್ಳೆಂದು ನಕ್ಕರು. ಎಂಬತ್ತು ದಾಟಿದ ಮುದುಕಿಯ ಕೆನ್ನೆ ಕೆಂಪಾಗಿತ್ತು. ನನಗಾದದ್ದು ಸಿಟ್ಟೋ ನಾಚಿಕೆಯೋ, ಒಂದೂ ತಿಳಿಯಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ಕೇಳಿಯೇಬಿಟ್ಟೆ. “ಅಮ್ಮಾ, ನೆಟ್ಟಗೆ ಹೇಳು. ಹೋಗಿದ್ಯಾ?”

“ಎಲ್ಲಿಗೆ ಹೋಗ್ಲಿ? ಅಂಟುಜ್ವರ ಬಂದು ಆಸ್ಪತ್ರೇಲಿದ್ದೆ. ನೀವು ಹೆದರ್ತೀರ ಅಂತ ನಿಮ್ಮಪ್ಪ ಹೇಳ್ಲಿಲ್ಲ.”

ಸದ್ಯ, ಅಪ್ಪನ ಮಾನ ಉಳಿಯಿತು. “ಮತ್ತೆ ಹೌದು ಅಂತ ಯಾಕಂದೆ? ಆ ಕಾದಂಬರಿ ಪೂರಾ ಸುಳ್ಳು ಅಂತ ಹೇಳ್ಬಾರ್ದಿತ್ತಾ?”

ಅಮ್ಮ ಉಗುರಿಗಂಟಿದ ಬಣ್ಣ ಕೆರೆದಳು.

“ಚೆನ್ನಾಗಿ ಬರ್ದಿದಾನೆ ಬಿಡೇ. ನಾನು ವಾಪಸ್ ಬಂದೆ ಅನ್ನೋದೊಂದೇ ಸುಳ್ಳು. ಹೋಗಿದ್ದಿದ್ರೆ ನಾನೆಲ್ಲಿ ಬರ್ತಿದ್ದೆ?”