ಹೆಪ್ಪು ಹೆಪ್ಪೇ

ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಬಲೂನಿನಂತೆ ಊದಿದ್ದರಿಂದ ನಮ್ಮ ದೊಡ್ಡಪ್ಪ ವಾದಿರಾಜರಿಗೆ ಆಪರೇಷನ್ ಮಾಡಿ ಅಲ್ಲಿ ಬಟ್ಟೆಯ ಕೊಳವೆ ಹಾಕಿದರು. "ಇನ್ಶೂರೆನ್ಸ್ ಆಫೀಸಲ್ಲಿ ಜೀವನಪೂರ್ತಿ ಊದ್ಕೊಂಡೇ ಕೂತಿದ್ರಲ್ಲ, ಈಗ ಒಳಗೂ ಊದಿದೆ" ಎಂದು ದೊಡ್ಡಮ್ಮ ಸೀತಾಲಕ್ಷ್ಮಿ ಆಸ್ಪತ್ರೆಗೆಲ್ಲ ಕೇಳುವಂತೆ ಹೇಳಿದರು.

ಮನೆಗೆ ಕಳಿಸುವಾಗ ಡಾಕ್ಟರ್ ವಿವರಿಸಿದರು. "ಊದಿದ ಜಾಗದಲ್ಲಿ ಇಷ್ಟು ದಿನ ರಕ್ತ ಹೆಪ್ಪುಗಟ್ತಾನೇ ಇತ್ತು, ದೇಹ ಕರಗಿಸ್ತಾನೇ ಇತ್ತು. ಆಪರೇಷನ್ ಆದ್ಮೇಲೆ ಸ್ವಲ್ಪ ದಿನ ಹೆಪ್ಪುಗಟ್ಟೋದು ಜಾಸ್ತಿ, ಕರಗೋದು ನಿಧಾನ. ಕಾಲಲ್ಲಿ ಹೆಪ್ಪಾಗಿ ಶ್ವಾಸಕೋಶಕ್ಕೆ ಹೋದ್ರೆ ಜೀವಕ್ಕೇ ಅಪಾಯ. ಮಾತ್ರೆ ತಪ್ಪಿಸ್ಬೇಡಿ, ದಿನಾ ನಡೆಸಿ."

ದೊಡ್ಡಮ್ಮನ ಕಿವಿಗೆ ಬಿದ್ದದ್ದು ಹೆಪ್ಪು ಒಂದೇ. ಜೋಗುಪಾಳ್ಯದ ಮನೆಗೆ ಬಂದವರೇ ಮೊಸರಿನ ಪಾತ್ರೆ ತೊಳೆದು ಬೋರಲು ಹಾಕಿದರು.

"ಸೀತೂ, ಮೊಸರನ್ನ?"

"ಹೆಪ್ಪಾಗಿದ್ದನ್ನ ಒಳಗೆ ಸುರ್ಕೊಂಡ್ರೆ ರಕ್ತ ಸುಮ್ನಿರತ್ತೇನ್ರೀ?"

"ಅದು ಹಾಲಿನ ಹೆಪ್ಪು ಕಣೇ!"

"ಹೆಪ್ಪು ಹೆಪ್ಪೇ."

"ಹಾಗಾದ್ರೆ ನಡಿಗೇನೂ ಇಲ್ಲ" ಎಂದು ದೊಡ್ಡಪ್ಪ ಗೋಡೆಯ ಕಡೆ ತಿರುಗಿ ಮಲಗಿದರು. ಬಚ್ಚಲಿಗೆ ಬಿಟ್ಟರೆ ಎಲ್ಲಿಗೂ ಏಳಲಿಲ್ಲ. ದೊಡ್ಡಮ್ಮ ಪರಂಗಿಹಣ್ಣು ನೋಡುವ ಹಾಗೆ ಅವರ ಮೀನಖಂಡ ಮುಟ್ಟಿ ನೋಡುವರು, ಅಡುಗೆಮನೆಗೆ ಬಂದು ಕಣ್ಣೊರೆಸಿಕೊಳ್ಳುವರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಒಬ್ಬರು ಹೆಪ್ಪಾಗಬಾರದೆಂದು ಮೊಸರು ಕೊಡುತ್ತಿಲ್ಲ. ಇನ್ನೊಬ್ಬರು ಮೊಸರಿಲ್ಲವೆಂದು ಮಲಗಿ ಹೆಪ್ಪಾಗುತ್ತಿದ್ದಾರೆ.

ಬೀದಿಯ ಆಚೆ ತುದಿಯ ಜಹನಾರಾ ಆಂಟಿ ನೋಡಲು ಬಂದರು. ದೊಡ್ಡಪ್ಪ ದೂರು ಹೇಳಿದರು.

"ನಮ್ಮನೇಲಿದೆ ಅಣ್ಣಾ, ಬನ್ನಿ."

"ಇಲ್ಲಿಗೇ ಕಳ್ಸಮ್ಮ."

"ನಮ್ ಮೊಸರು ಮನೆ ಬಿಟ್ಟು ಬರಲ್ಲ. ನೀವೇನು ನವಾಬ್ರಾ? ನಡ್ಕೊಂಡ್ ಬನ್ನಿ."

ದೊಡ್ಡಮ್ಮ ಬಾಯಿ ತೆರೆದರು. ನಾನು ಅವರ ಸೆರಗು ಹಿಡಿದೆಳೆದೆ. "ನಡೆಸಿ ಅಂದ್ರಲ್ಲಾ ಡಾಕ್ಟ್ರು" ಎಂದೆ, ನನಗೇ ಕೇಳಿಸದಷ್ಟು ಮೆಲ್ಲಗೆ. ದೊಡ್ಡಮ್ಮನಿಗೆ ಕೇಳಿಸಿತು. ಬಾಯಿ ಮುಚ್ಚಿದರು.

ದೊಡ್ಡಪ್ಪ ಹೊಲಿಗೆಯ ಮೇಲೆ ದಿಂಬು ಅದುಮಿಕೊಂಡು, ಪಂಚೆ ಎತ್ತಿ, ಬಸುರಿಯ ಹಾಗೆ ಹೆಜ್ಜೆ ಇಡುತ್ತಾ ಹೊರಟರು. ಹಿಂದೆ ದೊಡ್ಡಮ್ಮ, ಅವರ ಹಿಂದೆ ನಾನು. ಬೀದಿಯೆಲ್ಲ ಬಾಗಿಲಿಗೆ ಬಂದು ನೋಡಿತು.

ಉಂಡು, ಬಂದ ದಾರಿಯಲ್ಲೇ ವಾಪಸು ನಡೆದು, ಹೊಸಿಲ ಬಳಿ ದೊಡ್ಡಪ್ಪ ತೇಗಿದರು. "ಏನ್ ಮೊಸರು ಕಣೇ! ಚಮಚ ನೆಟ್ರೆ ನಿಲ್ಲತ್ತೆ, ಅಷ್ಟು ಗಟ್ಟಿ."

ದೊಡ್ಡಮ್ಮನ ಮುಖ ಬಿಳಿಚಿತು.

"ಅಷ್ಟು ಗಟ್ಟೀನಾ? ಹಾಗಾದ್ರೆ ಒಳಗೆ ಬರ್ಬೇಡಿ. ಇನ್ನೊಂದ್ ಸಲ ನಡ್ಕೊಂಡ್ ಹೋಗ್ಬನ್ನಿ."