ಎದುರಿಂದ ಹಿಡಿಯುವುದಿಲ್ಲವಂತೆ

ನಮ್ಮ ಕಾರು ನನ್ನ ಹೆಸರಿನಲ್ಲಿದೆ. ವಾಹನಯೋಗ ಇರುವುದು ಹೆಂಡತಿಯ ಜಾತಕದಲ್ಲೇ ಎಂದು ಮಂಡಿಕಲ್ಲಿನ ಜೋಯಿಸರು ಹೇಳಿದ್ದರಿಂದ ನನ್ನ ಗಂಡ ಚಿರಂಜೀವಿ ಹಾಗೆ ಬರೆಸಿದರು. ಆ ಯೋಗ ಎಡಗಡೆ ಸೀಟಿನದು ಎಂದು ಆಮೇಲೆ ಗೊತ್ತಾಯಿತು. ನನ್ನ ಹತ್ತಿರ ಲೈಸೆನ್ಸ್ ಇದೆ. ಚಿಕ್ಕಬಳ್ಳಾಪುರದಲ್ಲಿ ಎಂಟು ಹಾಕಿ ಒಂದೇ ಸಲಕ್ಕೆ ಪಾಸಾದವಳು ನಾನು. ಆದರೂ ಎರಡು ವರ್ಷದಿಂದ ಗೌರಿಬಿದನೂರಿನ ಲ್ಯಾಬಿಗೆ ಬಸ್ಸಿನಲ್ಲಿ ನೇತಾಡಿಕೊಂಡೇ ಹೋಗುತ್ತಿದ್ದೇನೆ. ಕಾರು ಕೇಳಿದಾಗಲೆಲ್ಲ ಟ್ರಾಫಿಕ್ ಕಡಿಮೆಯಾಗಲಿ ಅನ್ನುತ್ತಾರೆ. ಯಾವ ಕಾಲಕ್ಕೆ ಕಡಿಮೆಯಾದೀತು?

ಹೈವೇಯ ಸ್ಪೀಡ್ ಕ್ಯಾಮೆರಾದ ಬಗ್ಗೆ ಅವರಿಗೊಂದು ಸಿದ್ಧಾಂತ. ಅದು ಹಿಂದಿನ ನಂಬರ್ ಪ್ಲೇಟನ್ನು ಮಾತ್ರ ಹಿಡಿಯುತ್ತದಂತೆ. ಎದುರಿಗೆ ಬರುವ ಗಾಡಿಯ ಗಾಜು ಹೊಳೆದು ಅದಕ್ಕೆ ಕಣ್ಣು ಕುಕ್ಕುತ್ತದಂತೆ. ಹಾಗಾಗಿ ಕ್ಯಾಮೆರಾದ ಕಂಬದವರೆಗೆ ಜೋರಾಗಿ ಓಡಿಸಿ, ದಾಟಿದ ಕೂಡಲೇ ಬ್ರೇಕ್ ಒತ್ತುವುದು ಅವರ ಪದ್ಧತಿ. ಈ ಪದ್ಧತಿಯಿಂದ ಎರಡು ನೋಟಿಸ್ ಬಂದಿದ್ದವು. ಎರಡು ಸಲವೂ ಬ್ರೇಕ್ ಒತ್ತಿದ್ದು ತಡವಾಯಿತು ಅಂದರೇ ಹೊರತು ಸಿದ್ಧಾಂತ ತಪ್ಪು ಅನ್ನಲಿಲ್ಲ. ಕಳೆದ ತಿಂಗಳು ನನ್ನ ತಮ್ಮ ಚೈತನ್ಯ, ಅದು ಎದುರಿಂದಲೂ ಹಿಡಿಯುತ್ತದೆ ಅಂದುಬಿಟ್ಟ. ತಗೋ, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ನನ್ನನ್ನು ಹಿಂದೆ ತುಂಬಿಕೊಂಡು, ತೋರಿಸಿಯೇ ಬಿಡುತ್ತೇನೆಂದು ನೂರಾನಾಲ್ಕರ ವೇಗದಲ್ಲಿ ಕಂಬದ ಮುಂದೆ ನುಗ್ಗಿದರು. ಬೇಡ ಬೇಡ ಎಂದು ನಾನು ಬಾಯಿ ಬಡಿದುಕೊಂಡದ್ದನ್ನು ಯಾರೂ ಕೇಳಲಿಲ್ಲ.

ಮೂರನೇ ನೋಟಿಸ್ ನನ್ನ ಫೋನಿಗೆ ಬಂತು. ಗಾಡಿಯ ಮಾಲೀಕರು ಠಾಣೆಗೆ ಬಂದು, ಓಡಿಸಿದ್ದು ಯಾರೆಂದು ಹೇಳಬೇಕಂತೆ. ಫೋಟೊ ಎದುರಿಂದಲೇ ತೆಗೆದದ್ದು. ನಂಬರ್ ಸ್ಪಷ್ಟವಾಗಿತ್ತು. ಗಾಜಿನ ಮೇಲೆ ಬಿಸಿಲು ಬಿದ್ದು ಮುಖ ಮಾತ್ರ ಕಾಣುತ್ತಿರಲಿಲ್ಲ. ಅಷ್ಟು ಸಾಕಾಯಿತು ನನ್ನ ಗಂಡನಿಗೆ.

"ನೀನೇ ಓಡಿಸ್ತಿದ್ದೆ ಅಂತ ಹೇಳ್ಬಿಡು ಕಣೇ ಹರಿತಾ," ಅಂದರು ಠಾಣೆಗೆ ಹೋಗುವ ದಾರಿಯಲ್ಲಿ. "ನಂದು ಮೂರನೇ ಸಲ, ಲೈಸೆನ್ಸ್ ಇಟ್ಕೊಂಡ್ಬಿಡ್ತಾರೆ. ನಿಂದು ಹೆಂಗೂ ಸುಮ್ನೆ ಬಿದ್ದೈತೆ."

ಮೈಯೆಲ್ಲ ಉರಿದುಹೋಯಿತು. ಅದು ಸುಮ್ಮನೆ ಬಿದ್ದಿರುವಂತೆ ಮಾಡಿದವರು ಯಾರು? ಓಡಿಸಲು ಲಾಯಕ್ಕಿಲ್ಲದವಳು ತಪ್ಪು ಹೊರಲು ಮಾತ್ರ ಲಾಯಕ್ಕೇ? ಠಾಣೆ ಬರುವವರೆಗೆ ನಾನು ಬಾಯಿ ಬಿಡಲಿಲ್ಲ. ಒಪ್ಪಿದೆ ಎಂದುಕೊಂಡರು, ಪಾಪ.

ಎಸ್‌ಐ ಫೋಟೊ ಮುಂದಿಟ್ಟು ಯಾರು ಓಡಿಸಿದ್ದೆಂದು ಕೇಳಿದರು. ನನ್ನ ಗಂಡ ನನ್ನ ಕಡೆ ನೋಡಿದರು.

"ಇವ್ರೇ ಸಾರ್," ಅಂದೆ. "ನಂಗೆ ಸ್ಟೇರಿಂಗ್ ಮುಟ್ಟೋಕೂ ಬಿಡಲ್ಲ."

ಅವರ ಲೈಸೆನ್ಸ್ ಮೇಜಿನ ಡ್ರಾಯರಿಗೆ ಹೋಯಿತು. ಹೊರಗೆ ಬಂದರೆ ಕಾರು ಬಿಸಿಲಲ್ಲಿ ನಿಂತಿತ್ತು. ಚೈತನ್ಯನನ್ನು ಕರೆಸುತ್ತೇನೆಂದು ಅವರು ಫೋನ್ ತೆಗೆಯುವಷ್ಟರಲ್ಲಿ ನಾನು ಅವರ ಕೈಯಿಂದ ಕೀ ಕಿತ್ತುಕೊಂಡು ಬಲಗಡೆಯ ಬಾಗಿಲು ತೆಗೆದು ಕೂತಾಗಿತ್ತು. ಭಯ ಇತ್ತು, ಸಿಟ್ಟು ಅದಕ್ಕಿಂತ ಹೆಚ್ಚಿತ್ತು. ಎರಡು ಸಲ ಎಂಜಿನ್ ಆಫ್ ಆಯಿತು, ಆಮೇಲೆ ಹೊರಟಿತು. ಮನೆ ಸೇರುವವರೆಗೂ ಅವರು ಪಕ್ಕದಲ್ಲಿ ಕೂತು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇದ್ದರು.

ಇಳಿದ ಮೇಲೆ ಅಭ್ಯಾಸದಂತೆ ಕೀಗೆ ಕೈ ಚಾಚಿದರು. ಬೆಳಗ್ಗೆ ಎಂಟಕ್ಕೆ ನಾನು ಗೌರಿಬಿದನೂರಿಗೆ ಹೊರಡಬೇಕೆಂದು ಹೇಳಿ ಅದನ್ನು ನನ್ನ ಬ್ಯಾಗಿಗೆ ಹಾಕಿಕೊಂಡೆ. ಅವರ ಆಫೀಸಿನ ಕಡೆ ಹೋಗುವ ಬಸ್ಸಿನ ಟೈಮನ್ನೂ ಹೇಳಿದೆ.