ಹಂಡೆಯ ಮೇಲೆ ಕೂತ ಸಂಗಯ್ಯ

ಬನವಾಸಿ ಕಡೆಯ ಒಂದು ಊರು. ಸಾವಿರದ ಒಂಬೈನೂರ ಅರವತ್ತೆರಡರ ಆಗಸ್ಟ್ ಹದಿನೈದು. ಊರೆಲ್ಲ ಶಾಲೆಯ ಮುಂದೆ ಬಾವುಟ ನೋಡುತ್ತ ನಿಂತಿದ್ದರೆ, ಕಲ್ಲವ್ವ ಶಾಲೆಯ ಹಿಂದೆ ಬೆಲ್ಲ ಕುಟ್ಟುತ್ತಿದ್ದಳು. ಸ್ವಾತಂತ್ರ್ಯ ಬಂದಾಗಿನಿಂದ ಪ್ರತಿವರ್ಷದ ಪಾನಕ ಅವಳ ಕೈಯದೇ. ಬಾವುಟ ಏರುವುದನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ. ಪಾನಕ ಚೆನ್ನಾಗಿಲ್ಲ ಎಂಬ ಮಾತನ್ನೂ ಒಮ್ಮೆಯೂ ಕೇಳಿರಲಿಲ್ಲ.

ಈ ಸಲ ಆ ಮರ್ಯಾದೆಗೇ ಸಂಚಕಾರ ಬಂದಿತ್ತು. ಪಕ್ಕದ ಊರಲ್ಲಿ ವಾಂತಿಭೇದಿ ಎದ್ದು ಇಬ್ಬರು ತೀರಿಕೊಂಡಿದ್ದರು. ಆರೋಗ್ಯ ಇಲಾಖೆಯ ಸಂಗಯ್ಯ ಹಿಂದಿನ ಸಂಜೆಯೇ ಊರ ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದ್ದ. ಆ ವಾಸನೆಗೆ ಮೂಗು ಮುರಿದ ಕಲ್ಲವ್ವ, ಮುಂಜಾನೆ ಯಾರಿಗೂ ಹೇಳದೆ ಕೆರೆಯಿಂದ ಎಂಟು ಕೊಡ ಹೊತ್ತು ತಂದು ಹಂಡೆ ತುಂಬಿಸಿದ್ದಳು.

ಹಬ್ಬದ ದಿನವೂ ರಜೆಯಿಲ್ಲದೆ ಬಂದ ಸಂಗಯ್ಯ, ಅವಳ ಸೀರೆಯ ಅಂಚಿನ ಪಾಚಿ ನೋಡಿದವನೇ ಹಂಡೆಯ ಮುಚ್ಚಳದ ಮೇಲೆ ಕೂತುಬಿಟ್ಟ.

"ಅಯ್ಯನವರ, ಏಳ್ರಿ. ಹಂಡಿ ಅಂದ್ರ ಕುರ್ಚಿ ಅಲ್ಲ."

"ಇದು ಕೆರಿ ನೀರು ಹೌದಿಲ್ಲವಾ, ಯವ್ವಾ?"

"ನೀರು ಅಂದ್ರ ಗಂಗವ್ವ. ಎಲ್ಲಿಂದ ತಂದರ ನಿಮಗೇನು?"

"ಆ ಗಂಗವ್ವನೊಳಗ ಶಂಕ್ರಪ್ಪನ ಎಮ್ಮಿ ನಿನ್ನೆ ಸಂಜೀತನಕ ಮಲಗಿತ್ತು."

"ಹಳೇ ಸೀರಿಯಾಗ ಎರಡು ಸಲ ಸೋಸೀನಿ!"

"ಸೋಸಿದರ ಕಸ ಹೋದೀತು. ಬ್ಯಾನಿ ತರೋ ಹುಳ ಹೋಗೂದಿಲ್ಲ. ಅದು ಕಣ್ಣಿಗೇ ಕಾಣೂದಿಲ್ಲ."

"ಕಾಣದ್ದಕ್ಕ ಅಂಜಾಕ ಅದೇನು ದೆವ್ವ ಏನ್ರಿ? ಪಾನಕ ಮೊದಲು ದೇವರಿಗೆ ಎಡಿ ಆಗಬೇಕು. ನೀವಾ ಹೇಳ್ರಿ, ಆ ಪುಡಿ ನೀರು ನಿಮ್ಮ ಲಿಂಗಕ್ಕ ಹಾಕ್ತೀರೇನು?"

"ಮುಂಜಾನೆ ಅದನ್ನ ಹಾಕಿ ಪೂಜಿ ಮಾಡೇನಿ. ಲಿಂಗಪ್ಪ ಏನೂ ಅನ್ನಲಿಲ್ಲ."

ಕಲ್ಲವ್ವ ಬೆಲ್ಲವನ್ನು ಇನ್ನೂ ಜೋರಾಗಿ ಕುಟ್ಟಿದಳು. ಅಷ್ಟರಲ್ಲಿ ಮುಂದುಗಡೆ ರಾಷ್ಟ್ರಗೀತೆ ಶುರುವಾಯಿತು. ಸರಕಾರಿ ನೌಕರ ಸಂಗಯ್ಯ ತಟ್ಟನೆ ಎದ್ದು ಸೆಟೆದು ನಿಂತ. ಇದೇ ಸಮಯವೆಂದು ಕಲ್ಲವ್ವ ಮುಚ್ಚಳ ಎತ್ತಿದಳು. ಅವನು ಕಣ್ಣಲ್ಲೇ ಗದರಿಸಿದ. ಮುಚ್ಚಳ ಹಿಡಿದೇ ಅವಳೂ ಕಂಬದಂತೆ ನಿಂತಳು. ಅಲುಗುವಂತಿಲ್ಲ, ಮಾತಾಡುವಂತಿಲ್ಲ. ನೋಡಬಹುದಿತ್ತು, ಅಷ್ಟೇ. ಎರಡು ಸಲ ಸೋಸಿದ ಆ ನೀರಿನಲ್ಲಿ ಒಂದು ಗೊದಮೊಟ್ಟೆ ಬಾಲ ಆಡಿಸುತ್ತ, ಯಾವ ಗೀತೆಗೂ ನಿಲ್ಲದೆ, ಆರಾಮವಾಗಿ ಸುತ್ತು ಹಾಕುತ್ತಿತ್ತು.

ಕಾಣುವುದೇ ಹಳೇ ಸೀರೆಯ ಹರಕಿನಲ್ಲಿ ಹೀಗೆ ನುಸುಳಿಕೊಂಡು ಬಂದಿದೆ. ಕಾಣದ್ದು ಇನ್ನೆಷ್ಟಿದ್ದೀತು? ಸಾಲಿನಲ್ಲಿ ಮೊದಲು ಲೋಟ ಹಿಡಿಯುವವಳು ತನ್ನ ಮೊಮ್ಮಗಳು ಶಾರದವ್ವ. ಹಾಡು ಮುಗಿದದ್ದೇ ತಡ, ಕಲ್ಲವ್ವ ಹಂಡೆ ಬಗ್ಗಿಸಿ ನೀರೆಲ್ಲ ಚೆಲ್ಲಿದಳು.

"ನೋಡ್ತಾ ನಿಲ್ಲಬ್ಯಾಡ್ರಿ ಅಯ್ಯನವರ. ಕೊಡ ತಗೊಂಡು ಬಾವಿಗೆ ನಡೀರಿ!"

ರಾತ್ರಿ ಕಳೆದಿದ್ದರಿಂದ ಬಾವಿನೀರಿನ ವಾಸನೆ ಇಳಿದಿತ್ತು. ಆದರೂ ಹಂಡೆ ತಿಕ್ಕಿ ತೊಳೆದು, ನೀರು ತುಂಬಿ, ಬೆಲ್ಲ ಕರಗಲು ಅರ್ಧ ತಾಸು ಬೇಕು. ಸಂಗಯ್ಯ ಓಡಿಹೋಗಿ ಪಂಚಾಯ್ತಿ ಚೇರ್ಮನ್ ಚಂದ್ರಶೇಖರಪ್ಪನವರ ಕಿವಿಯಲ್ಲಿ, "ಇನ್ನೂ ಅರ್ಧ ತಾಸು ಭಾಷಣ ಮಾಡ್ರಿ" ಎಂದ. ಜೀವಮಾನದಲ್ಲಿ ಯಾರೂ ಅವರನ್ನು ಹಾಗೆ ಕೇಳಿರಲಿಲ್ಲ. ಅವರು ಹಿಗ್ಗಿ, ಒಂದು ತಾಸು ಮಾತಾಡಿದರು. ಮಕ್ಕಳು ಬಿಸಿಲಿಗಿಟ್ಟ ಸೊಪ್ಪಿನಂತಾದರು. ಆದರೆ ಪಾನಕ ಕುಡಿದ ಒಂದು ಮಗುವೂ ಹಾಸಿಗೆ ಹಿಡಿಯಲಿಲ್ಲ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಬಾವಿಗೂ ಪುಡಿ ಹಿಡಿದು ಒಬ್ಬರು ಬಂದಾರು. ಅವರು ತಮ್ಮ ಹಬ್ಬ ಬಿಟ್ಟು ನಿಮ್ಮ ಮನೆಯ ಹಬ್ಬ ಕಾಯಲು ಬಂದವರು. ಅಡ್ಡ ನಿಲ್ಲಬೇಡಿ, ಹಗ್ಗ ಕೊಡ ಕೊಟ್ಟು ನೆರವಾಗಿ. ಕೆರೆನೀರು ಕುಡಿಯಬೇಡಿ, ಬೇರೆ ದಾರಿಯೇ ಇಲ್ಲದಿದ್ದರೆ ಚೆನ್ನಾಗಿ ಕುದಿಸಿ, ಆರಿಸಿ ಕುಡಿಯಿರಿ. ನೀರು ಕೊಟ್ಟವನು ದೇವರು. ಅದನ್ನು ಶುಚಿಯಾಗಿ ಮಕ್ಕಳ ಬಾಯಿಗೆ ಮುಟ್ಟಿಸುವ ಕೆಲಸವನ್ನು ಮಾತ್ರ ಅವನು ನಮಗೇ ಬಿಟ್ಟಿದ್ದಾನೆ.